ಕೊನೆಯ ಸಾಲು ಪಾಸಿಟಿವ್ ಆಗಿರಲಿ ಅಂದರು

ಕೆಲವು ವರ್ಷಗಳ ಹಿಂದೆ ಬೆಂಗಳೂರಿನಲ್ಲಿ ಒಂದು ಬರವಣಿಗೆ ಕಮ್ಮಟಕ್ಕೆ ಹೋಗಿದ್ದೆ. ದೌರ್ಜನ್ಯ ಅನುಭವಿಸಿದ ಹೆಣ್ಣುಮಕ್ಕಳಿಗೆ ಅಂತಲೇ ಮಾಡಿದ್ದು. ಶನಿವಾರ, ಭಾನುವಾರ, ಎರಡೇ ದಿನ. ಮದುವೆಯಾದ ಮೊದಲ ವರ್ಷದ ಒಂದು ರಾತ್ರಿಯ ಬಗ್ಗೆ ಎರಡು ಪುಟ ಬರೆದೆ. ಓದಿ ಮುಗಿಸಿದಾಗ ಯಾರೂ ಮಾತಾಡಲಿಲ್ಲ. ನಡೆಸಿಕೊಡುತ್ತಿದ್ದವರು ನಿಜಕ್ಕೂ ಒಳ್ಳೆಯವರು, ಮೆತ್ತಗೆ ಹೇಳಿದರು: "ತುಂಬಾ ಚೆನ್ನಾಗಿದೆ. ಕೊನೆ ಸಾಲು ಮಾತ್ರ ಸ್ವಲ್ಪ ಪಾಸಿಟಿವ್ ಆಗಿರಲಿ, ಪುಸ್ತಕಕ್ಕೆ ಹಾಕ್ತೀವಲ್ಲ."

ಬದಲಾಯಿಸಿದೆ. ಬಾಗಿಲು ತೆಗೆದು ಹೊರಗೆ ಬಂದೆ ಅಂತ ಬರೆದೆ. ಅವತ್ತು ನಾನು ಬಾಗಿಲು ತೆಗೆದಿರಲಿಲ್ಲ. ಇನ್ನೂ ನಾಲ್ಕು ವರ್ಷ ಅದೇ ಮನೇಲಿದ್ದೆ.

ಆ ಸುಳ್ಳು ಮತ್ತೆ ಚುಚ್ಚಿದ್ದು 'ಸಂಗ್ತಿನ್ ಯಾತ್ರಾ' ಓದುವಾಗ. ಉತ್ತರ ಪ್ರದೇಶದ ಸೀತಾಪುರ ಜಿಲ್ಲೆಯ ಏಳು ಜನ ಹಳ್ಳಿ ಕಾರ್ಯಕರ್ತೆಯರು ತಮ್ಮ ಬಾಲ್ಯ, ಹರೆಯ, ಮದುವೆಯ ಬಗ್ಗೆ ಡೈರಿ ಬರೆದು, ಒಬ್ಬರಿಗೊಬ್ಬರು ಓದಿ ಹೇಳಿ, ಜಗಳಾಡಿ, ಅತ್ತು ಕಟ್ಟಿದ ಪುಸ್ತಕ ಇದು. ಜೊತೆಗಿದ್ದವರು ಕಾರ್ಯಕರ್ತೆ ರಿಚಾ ಸಿಂಗ್, ಅಮೆರಿಕದಲ್ಲಿ ಪಾಠ ಮಾಡುವ ರಿಚಾ ನಾಗರ್. ಹಿಂದಿಯಲ್ಲಿ 2004ರಲ್ಲಿ ಬಂತು, ಇಂಗ್ಲಿಷಿನಲ್ಲಿ 'ಪ್ಲೇಯಿಂಗ್ ವಿತ್ ಫೈರ್' ಅನ್ನೋ ಹೆಸರಲ್ಲಿ 2006ರಲ್ಲಿ. ಸಂಗ್ತಿನ್ ಅಂದರೆ ಅವಧಿ ಭಾಷೆಯಲ್ಲಿ ಆಪ್ತ ಗೆಳತಿ.

ಅಲ್ಲಿ ಯಾರೂ ಕಮ್ಮಟ ಅಂತ ಬೋರ್ಡು ಹಾಕಿರಲಿಲ್ಲ. ಆದರೆ ಕಮ್ಮಟ ಮಾಡಬೇಕಾದ ಕೆಲಸ ಅಲ್ಲಿ ಆಗಿದೆ. ಈ ಹೆಂಗಸರ ಉದ್ಯೋಗವೇ ಬೇರೆ ಹೆಂಗಸರ ಮೇಲಿನ ದೌರ್ಜನ್ಯದ ವಿರುದ್ಧ ನಿಲ್ಲೋದು. ಡೈರಿಯಲ್ಲಿ ಆ ಪ್ರಶ್ನೆ ತಮ್ಮ ಮನೆಗೇ ಬರುತ್ತೆ. ಗಂಡನ ಏಟಿಗೆ ನಿಲ್ಲಲ್ಲ. ಹಸಿವು, ಜಾತಿ, ಧರ್ಮಕ್ಕೂ ಕೈ ಹಾಕುತ್ತೆ. ಒಟ್ಟಿಗೆ ಕೂತು ಅತ್ತವರಲ್ಲೇ ಯಾರ ಮನೆಯ ನೀರು ಯಾರು ಕುಡೀತಾರೆ ಅನ್ನೋ ಲೆಕ್ಕವಿದೆ. ಕೊನೆಗೆ ತಾವು ಕೆಲಸ ಮಾಡೋ ಸಂಸ್ಥೆಗಳ ಮೇಲು-ಕೀಳನ್ನೂ ಕೇಳ್ತಾರೆ. ಸಂಸ್ಥೆಯವರು ಸಿಟ್ಟಾದರು. ನಮ್ಮ ಕಮ್ಮಟದ ಪುಸ್ತಕದಿಂದ ಯಾರಿಗೂ ಸಿಟ್ಟು ಬರಲಿಲ್ಲ. ಅದೇ ಅದರ ಸೋಲು ಅಂತ ಈಗ ಅನಿಸುತ್ತೆ.

ತಕರಾರು ಇಲ್ಲ ಅಂತಲ್ಲ. ಹೆಸರು ಬದಲಿಸಿ, ಏಳೂ ಬದುಕನ್ನು 'ನಾವು' ಅಂತ ಹೆಣೆದಿದ್ದಾರೆ. ಇದರಿಂದ ಒಬ್ಬಳೇ ಸಿಕ್ಕಿಹಾಕಿಕೊಳ್ಳಲ್ಲ, ನಿಜ. ಆದರೆ ಎಷ್ಟೋ ಕಡೆ ಇದು ಯಾರ ಮಾತು ಅಂತ ನನಗೆ ಗೊತ್ತಾಗಲೇ ಇಲ್ಲ. ಒಬ್ಬಳ ಒರಟು ವಾಕ್ಯವೊಂದು ಹಾಗೇ ಸಿಕ್ಕಿದ್ದರೆ ಅನ್ನಿಸಿತು. ಇಂಗ್ಲಿಷ್ ಆವೃತ್ತಿಯಲ್ಲಂತೂ ಚಂದ್ರಾ ತಲ್ಪಡೆ ಮೊಹಾಂತಿಯವರ ಮುನ್ನುಡಿ, ನಾಗರ್ ಅವರ ಪ್ರಸ್ತಾವನೆ, ಎರಡು ಬಾಗಿಲು ದಾಟಿಯೇ ಆ ಹೆಂಗಸರ ಅಂಗಳಕ್ಕೆ ಹೋಗಬೇಕು.

ಆದರೂ ಇದರಲ್ಲಿ ಯಾರೂ ಎರಡು ದಿನದಲ್ಲಿ 'ಹೀಲ್' ಆಗಲ್ಲ. ಬರೆದರೆ ಎದೆ ಹಗುರಾಗುತ್ತೆ, ನನಗೂ ಆಗಿದೆ. ಆದರೆ ಹಗುರಾಗು ಅಂತ ಬೇರೆಯವರು ಹೇಳಿ ಬರೆಸಿದ್ದು ಇನ್ನೊಂದು ಹೊರೆ.

ಮಾರ್ಚ್ 8 ಹತ್ತಿರ ಬಂದರೆ ನಿಮ್ಮ ಆಫೀಸಿನಲ್ಲೂ ಇಂಥದೊಂದು ಕಾರ್ಯಕ್ರಮದ ಮೇಲ್ ಬರಬಹುದು. ಹೋಗಿ. ಹೋಗುವ ಮೊದಲು ಮೂರು ಮಾತು ಕೇಳಿ: ಬರೆದ ಹಾಳೆ ಯಾರ ಹತ್ತಿರ ಇರುತ್ತೆ? ಬೇಡ ಅಂದರೆ ವಾಪಸ್ ಕೊಡ್ತೀರಾ? ಮುಂದಿನ ವಾರ ಫೋನ್ ಮಾಡಿದರೆ ಎತ್ತೋರು ಯಾರು?

ಮೊನ್ನೆ ಆ ಪುಸ್ತಕ ಹುಡುಕಿ ತೆಗೆದೆ. ನನ್ನ ಪ್ರತಿಯಲ್ಲಿ ಕೊನೆಯ ಸಾಲು ಹೊಡೆದು ಹಾಕಿದ್ದೀನಿ. ಉಳಿದ ಪ್ರತಿಗಳಲ್ಲಿ ನಾನು ಇನ್ನೂ ಬಾಗಿಲು ತೆಗೀತಾನೇ ಇದ್ದೀನಿ.