ಜತ್ತಿ ಮತ್ತು ಅರಸು: ಒಂದು ಕಾಯಿದೆಯ ಎರಡು ರೂಪ

ನಮ್ಮ ನಾಡಿನ ಮುಖ್ಯಮಂತ್ರಿಗಳನ್ನು ತೂಗಿ ನೋಡುವಾಗ ಶ್ರೀ ಬಿ. ಡಿ. ಜತ್ತಿಯವರಿಗೆ ಸಂಭಾವಿತರೆಂಬ ಹೆಸರೂ, ಶ್ರೀ ದೇವರಾಜ ಅರಸರಿಗೆ ಯುಗಪುರುಷರೆಂಬ ಬಿರುದೂ ಸಲ್ಲುವುದು ವಾಡಿಕೆ. ಈ ತೀರ್ಪು ಪೂರ್ತಿ ತಪ್ಪೆನ್ನಲಾಗದು. ಆದರೆ ಅರ್ಧಕ್ಕೇ ನಿಂತಿದೆ.

ಗೋಕಾಕ ಸೀಮೆಯ ಧುಪದಾಳವನ್ನೇ ನೋಡಿರಿ. 1897ರಲ್ಲಿ ಘಟಪ್ರಭೆಗೆ ಅಲ್ಲಿ ಒಡ್ಡು ಕಟ್ಟಿ ಎಡದಂಡೆ ಕಾಲುವೆ ತೆಗೆದರು. ನೀರು ಹರಿದಲ್ಲಿ ಹೊಲಕ್ಕೆ ಬೆಲೆ ಬಂದಿತು. ಹೊಲ ಒಡೆಯನದೋ ಉಳುವವನದೋ ಎಂಬ ಪ್ರಶ್ನೆಗೂ ತೂಕ ಬಂದಿತು. ಈ ಭಾಗದಲ್ಲಿ ನಡೆಯುತ್ತಿದ್ದುದು ಮುಂಬಯಿ ಸರಕಾರದ 1948ರ ಗೇಣಿ ಕಾಯಿದೆ. 1956ರ ಏಕೀಕರಣದೊಡನೆ ಹಳೆಯ ಮೈಸೂರು, ಹೈದರಾಬಾದು, ಮದರಾಸು, ಕೊಡಗುಗಳ ಕಾನೂನುಗಳೂ ಒಂದೇ ಮನೆಗೆ ಬಂದವು. ಅವನ್ನು ಹೊಂದಿಸಲು 1957ರಲ್ಲಿ ನೇಮಿಸಿದ ಸಮಿತಿಗೆ ಅಧ್ಯಕ್ಷರಾದವರು ಜಮಖಂಡಿ ಬಳಿಯ ಸಾವಳಗಿಯ ಜತ್ತಿಯವರು. 1958ರಿಂದ 1962ರ ವರೆಗೆ ಅವರೇ ಮುಖ್ಯಮಂತ್ರಿ. 1961ರ ಭೂಸುಧಾರಣಾ ಕಾಯಿದೆ ಆ ಕಾಲದ್ದು.

ಆದರೆ ಅದು ಜಾರಿಗೆ ಬಂದುದು 1965ರ ಅಕ್ಟೋಬರ್ 2ರಂದು. ಅದರಲ್ಲಿ ಸ್ವಂತ ಸಾಗುವಳಿಯ ಹೆಸರಿನಲ್ಲಿ ಒಡೆಯನು ಹೊಲ ಬಿಡಿಸಿಕೊಳ್ಳಲು ದಾರಿಯಿತ್ತು. ಎಲ್ಲರನ್ನೂ ಒಪ್ಪಿಸಿ ನಡೆಯಬೇಕೆಂಬ ಜತ್ತಿಯವರ ಸ್ವಭಾವವೇ ಕಾಯಿದೆಯ ಸ್ವಭಾವವೂ ಆಯಿತು.

ಅರಸರು ಆ ದಾರಿಯನ್ನು ಮುಚ್ಚಿದರು. ಅವರ ತಿದ್ದುಪಡಿಯಂತೆ 1974ರ ಮಾರ್ಚ್ 1ರಂದು ಗೇಣಿಯ ಭೂಮಿ ಸರಕಾರಕ್ಕೆ ಸೇರಿತು. ಗೇಣಿದಾರನು ಅರ್ಜಿ ಕೊಟ್ಟು ನ್ಯಾಯಮಂಡಳಿಯ ಮುಂದೆ ಹಕ್ಕು ಪಡೆಯಬಹುದಾಯಿತು. ಇದು ಬರಿಯ ಎದೆಗಾರಿಕೆಯ ಮಾತಲ್ಲ. ಭೂಮಿಯುಳ್ಳವರ ಬಲವನ್ನೇ ನೆಚ್ಚದೆ ಹಿಂದುಳಿದವರನ್ನು ಕೂಡಿಸಿಕೊಂಡದ್ದರಿಂದ ಅವರಿಗೆ ಅದು ಸಾಧ್ಯವಾಯಿತು. ಆದರೂ ಒಂದನ್ನು ಮರೆಯಬಾರದು: ಅರಸರು ಬರೆದದ್ದು ಹೊಸ ಕಾಯಿದೆಯನ್ನಲ್ಲ, 1961ರದಕ್ಕೆ ತಿದ್ದುಪಡಿಯನ್ನು. ತಿದ್ದಲು ಒಂದು ಕಾಯಿದೆ ಕೈಯಲ್ಲಿತ್ತೆಂಬುದು ಜತ್ತಿಯವರ ಪಾಲಿನ ಜಮೆ.

ಖರ್ಚಿನ ಬದಿಯೂ ಇಬ್ಬರಿಗುಂಟು. 1977ರಲ್ಲಿ ಹಂಗಾಮಿ ರಾಷ್ಟ್ರಪತಿಯಾಗಿದ್ದ ಜತ್ತಿಯವರು ಒಂಬತ್ತು ರಾಜ್ಯಗಳ ವಿಧಾನಸಭೆಗಳ ವಿಸರ್ಜನೆಗೆ ಸಹಿ ಹಾಕಲು ಮೊದಲು ಹಿಂಜರಿದು, ಬಳಿಕ ಹಾಕಿದರು. ಅರಸರೋ, 1975ರ ತುರ್ತುಪರಿಸ್ಥಿತಿಯಲ್ಲಿ ಇಂದಿರಾ ಗಾಂಧಿಯವರ ಬೆನ್ನಿಗೆ ನಿಂತರು. ಬಡವನಿಗೆ ಹೊಲ ಕೊಡಿಸಿದ ಆಳ್ವಿಕೆಯಲ್ಲಿಯೇ ವಿರೋಧಿಗಳಿಗೆ ಸೆರೆಮನೆಯೂ ಇತ್ತು.

ಕೃಷಿಕರಲ್ಲದವರು ಕೃಷಿಭೂಮಿ ಕೊಳ್ಳದಂತೆ ಇದೇ ಕಾಯಿದೆಯಲ್ಲಿದ್ದ ತಡೆಯನ್ನು 2020ರ ತಿದ್ದುಪಡಿ ತೆಗೆದುಹಾಕಿತು. ಆದುದರಿಂದ ಈ ಇಬ್ಬರ ತುಲನೆ ಜಯಂತಿಯ ಭಾಷಣಗಳಿಗೆ ಬಿಡತಕ್ಕ ವಿಷಯವಲ್ಲ. ಒಬ್ಬರು ಅಣಿಮಾಡಿ, ಇನ್ನೊಬ್ಬರು ಹರಿತಗೊಳಿಸಿದ ಕಾಯಿದೆ ಮುಂದೆ ಯಾರನ್ನು ಕಾಯುವುದೆಂಬುದನ್ನು ರೈತನ ಉತಾರದಲ್ಲಿ ಓದಬೇಕಾಗಿದೆ.