ಎಳೆಯ ಅಳತೆ

ಉತ್ತರಪತ್ರಿಕೆಯಲ್ಲಿ ತಪ್ಪಾಗಿ ಅಂಕ ಕೊಟ್ಟಿದ್ದರೆ ಕೆಂಪು ಶಾಯಿಯಲ್ಲಿ ತಿದ್ದಿ, ಪಕ್ಕದಲ್ಲಿ ಸಹಿ ಹಾಕಿದರೆ ಮುಗಿಯಿತು. ನಾಲ್ಕು ಜನರೆದುರು ಚಪ್ಪಾಳೆ ತಟ್ಟಿಸಿ ಕೊಟ್ಟ ಬಹುಮಾನವನ್ನು ಹಾಗೆ ತಿದ್ದಲು ಬರುವುದಿಲ್ಲ. ನಮ್ಮ ಶಾಲೆಯ ವಸ್ತುಪ್ರದರ್ಶನದಲ್ಲಿ ನಾನು ಕೊಟ್ಟ ಅಂಥದೊಂದು ತೀರ್ಪನ್ನು ಇಲ್ಲಿ ಮತ್ತೊಮ್ಮೆ ಪರಿಶೀಲಿಸುವ ಮನಸ್ಸಾಗಿದೆ.

ಹಳೆಯ ವಿದ್ಯಾರ್ಥಿಗಳ ಹವ್ಯಾಸಕ್ಕೆಂದು ಇಟ್ಟಿದ್ದ ಮೇಜಿನ ಮೇಲೆ ಆ ದಿನ ಎರಡು ಪುಟ್ಟ ಕಾರುಗಳಿದ್ದವು. ಎರಡೂ ಒಂದೇ ಕಾರಿನ ಮಾದರಿಗಳು: 1991ರಲ್ಲಿ ಆಯರ್ಟನ್ ಸೆನ್ನಾ ಫಾರ್ಮುಲಾ ಒನ್ ವಿಶ್ವ ಚಾಂಪಿಯನ್ ಆದಾಗ ಓಡಿಸಿದ, ಕೆಂಪು ಬಿಳುಪಿನ ಮೆಕ್ಲಾರೆನ್ ಎಂಪಿ 4/6. ಜಪಾನಿನ ಶಿಜುವೋಕಾದ ತಮಿಯಾ ಕಂಪನಿಯವರು ಪ್ಲಾಸ್ಟಿಕ್ಕಿನ ಬಿಡಿಭಾಗಗಳಾಗಿ ಮಾರುವ, ಇಪ್ಪತ್ತನೇ ಒಂದು ಅಳತೆಯ ಕಿಟ್ ಅದು. ಮೊದಲನೆಯವನ ಕಾರಿನ ಮೇಲಿನ ಕವಚ ಎತ್ತಿದರೆ ಒಳಗೆಲ್ಲ ಕಪ್ಪು ಬೂದು ಚೌಕಳಿಯ ನೇಯ್ಗೆ ಮಿರಮಿರ ಮಿಂಚುತ್ತಿತ್ತು. ಎರಡನೆಯವನದರಲ್ಲಿ ಬರೀ ಕಡುಬೂದು ಬಣ್ಣ. ನಾನು ಮೊದಲನೆಯವನಿಗೆ ಪ್ರಥಮ ಬಹುಮಾನ ಕೊಟ್ಟೆ. ಎರಡನೆಯವನಿಗೆ, "ನಿಂದೇಕೋ ಬೋಳು ಬೋಳಾಗಿದೆಯಲ್ಲೋ" ಎಂದೂ ಹೇಳಿದೆ.

ಅವನು ನಕ್ಕ. "ನಿಜವಾದ ಕಾರನ್ನು ಅಷ್ಟು ದೂರದಿಂದ ನೋಡಿದರೆ ನೇಯ್ಗೆ ಕಾಣೋಲ್ಲ ಟೀಚರ್" ಎಂದು ಮೆಲ್ಲಗೆ ಹೇಳಿ, ಉಳಿದಿದ್ದ ಒಂದು ಹಾಳೆಯನ್ನು ನನ್ನ ಕೈಗಿತ್ತು ಹೋದ.

ಆ ಹಾಳೆಗೆ ಡೆಕಾಲ್ ಎನ್ನುತ್ತಾರೆ. ಕಾಗದದ ಮೇಲೆ ಅಂಟಿನ ಒಂದು ಪದರ, ಅದರ ಮೇಲೆ ತೆಳ್ಳನೆಯ ಪೊರೆಯಲ್ಲಿ ಅಚ್ಚಾದ ಚಿತ್ರ. ಅಂಟಿಸಬೇಕಾದ ಭಾಗಕ್ಕೆ ಮೊದಲು ಕಪ್ಪು ಬಣ್ಣ ಬಳಿಯಬೇಕು. ಅದರ ಮೇಲೆ ಮಾಸ್ಕಿಂಗ್ ಟೇಪು ಹಚ್ಚಿ, ಅಂಚು ಗುರುತಿಸಿ, ಆ ಟೇಪನ್ನೇ ಅಳತೆಯಾಗಿಟ್ಟು ಡೆಕಾಲ್ ಕತ್ತರಿಸಬೇಕು. ಉಗುರುಬೆಚ್ಚನೆಯ ನೀರಿನಲ್ಲಿ ಸ್ವಲ್ಪ ಹೊತ್ತು ನೆನೆಸಿದರೆ ಪೊರೆ ಕಾಗದದಿಂದ ಜಾರುತ್ತದೆ. ಉಬ್ಬುತಗ್ಗುಗಳಿಗೆ ಹೊಂದಿಕೊಳ್ಳಲೆಂದು ಅದನ್ನು ಮೆತ್ತಗಾಗಿಸುವ ದ್ರಾವಣವನ್ನು ಸವರಿ, ಹತ್ತಿಕಡ್ಡಿಯಿಂದ ಒತ್ತಿ ಗಾಳಿಗುಳ್ಳೆ ತೆಗೆಯಬೇಕು. ಒಣಗಿದ ಮೇಲೆ ಪಾರದರ್ಶಕ ವಾರ್ನಿಷು. ನಾನೂ ಒಂದು ಪ್ಲಾಸ್ಟಿಕ್ ಚಮಚದ ಬೆನ್ನಿಗೆ ಅಂಟಿಸಿ ನೋಡಿದೆ. ನಡುವೆ ಚೆನ್ನಾಗಿ ಕೂತಿತು. ಅಂಚಿನಲ್ಲಿ ನೆರಿಗೆ ಬಂತು. ನೆರಿಗೆ ಬಿಡಿಸಲು ಎಳೆದರೆ ಹರಿಯಿತು. ಚಮಚ ಮೂರಾದರೂ ಕೆಲಸ ಬರಲಿಲ್ಲ.

ಆಗ ಮೊದಲನೆಯವನ ಕೈಚಳಕ ಎಂಥದೆಂದು ಅರ್ಥವಾಯಿತು. ಚೌಕಳಿ ಬಟ್ಟೆಯಲ್ಲಿ ರವಿಕೆ ಹೊಲಿಯುವ ಒಳ್ಳೆಯ ದರ್ಜಿ ಎರಡು ಬದಿಯ ಗೆರೆಗಳು ಬೆನ್ನ ನಡುವೆ ಕೂಡುವಂತೆ ಕತ್ತರಿಸುತ್ತಾನಲ್ಲ, ಹಾಗೆ ಈ ಹುಡುಗ ಎಡಬಲದ ಓರೆಗೆರೆಗಳನ್ನು ಕಾರಿನ ನಡುರೇಖೆಯಲ್ಲಿ ಕೂದಲೆಳೆಯಷ್ಟೂ ತಪ್ಪದೆ ಕೂಡಿಸಿದ್ದ. ಬಹುಮಾನ ಕೊಟ್ಟದ್ದು ಈ ಶ್ರಮಕ್ಕಾದರೆ ನನ್ನದು ತಪ್ಪಲ್ಲ. ಆದರೆ ನಾನು ಆ ದಿನ ಹೇಳಿದ್ದು, "ಇದೇ ಹೆಚ್ಚು ನಿಜವಾಗಿದೆ" ಎಂದು. ಪ್ರಶ್ನೆ ಇರುವುದು ಆ ಮಾತಿನಲ್ಲಿ.

ನಿಜ ಯಾವುದು? ಕಾರ್ಬನ್ ಫೈಬರಿನ ಒಂದು ಎಳೆ ಸುಮಾರು 7 ಮೈಕ್ರಾನ್ ದಪ್ಪ, ಎಂದರೆ ಒಂದು ಮಿಲಿಮೀಟರಿನ ಸಾವಿರದಲ್ಲಿ ಏಳು ಪಾಲು. ಸಾಮಾನ್ಯವಾಗಿ ಬಳಸುವ ಬಟ್ಟೆಯಲ್ಲಿ ಇಂಥ 3000 ಎಳೆಗಳು ಸೇರಿ ಸುಮಾರು 2 ಮಿಲಿಮೀಟರ್ ಅಗಲದ ಒಂದು ಪಟ್ಟಿ. ಆ ಪಟ್ಟಿಗಳನ್ನು ಹಾಸುಹೊಕ್ಕಾಗಿ ನೇಯುತ್ತಾರೆ. ಹಿಂದೆ ಶಾಲೆಯ ಹುಡುಗರು ತೊಡುತ್ತಿದ್ದ ಖಾಕಿ ಡ್ರಿಲ್ ಚಡ್ಡಿಯ ಮೇಲೆ ಓರೆಗೆರೆ ಕಾಣುತ್ತಿತ್ತಲ್ಲ, ಅದೇ ನೇಯ್ಗೆ. ಆ ಬಟ್ಟೆಗೆ ರಾಳ ಕುಡಿಸಿ, ಅಚ್ಚಿನಲ್ಲಿ ಪದರಪದರವಾಗಿ ಹಾಸಿ, ಶಾಖ ಮತ್ತು ಒತ್ತಡದಲ್ಲಿ ಬೇಯಿಸಿದರೆ ಹಗುರಾದ, ಬಲು ಗಟ್ಟಿಯಾದ ವಸ್ತು ಸಿದ್ಧವಾಗುತ್ತದೆ.

ಫಾರ್ಮುಲಾ ಒನ್ ಕಾರಿನ ಇಡೀ ಒಡಲನ್ನು ಇದರಿಂದ ಮಾಡಿ ಪಂದ್ಯಕ್ಕಿಳಿಸಿದ್ದು 1981ರಲ್ಲಿ. ಜಾನ್ ಬರ್ನಾರ್ಡ್ ರೂಪಿಸಿದ ಮೆಕ್ಲಾರೆನ್ ಎಂಪಿ 4/1ರ ಒಡಲನ್ನು ಅಮೆರಿಕದ ಸಾಲ್ಟ್ ಲೇಕ್ ಸಿಟಿಯಲ್ಲಿ ಹರ್ಕ್ಯುಲಿಸ್ ಕಂಪನಿ ತಯಾರಿಸಿತು. ಪೆಟ್ಟು ಬಿದ್ದರೆ ಇದು ಪುಡಿಪುಡಿಯಾದೀತು ಎಂಬ ಅನುಮಾನ ಆಗ ಹಲವರಿಗಿತ್ತು. ಅದೇ ವರ್ಷ ಇಟಲಿಯ ಮೊಂಜಾದಲ್ಲಿ ಜಾನ್ ವಾಟ್ಸನ್ ಓಡಿಸುತ್ತಿದ್ದ ಕಾರು ಪಕ್ಕದ ತಡೆಬೇಲಿಗೆ ಬಡಿಯಿತು. ಎಂಜಿನ್ನಿನ ಭಾಗ ಕಿತ್ತು ಬೇರೆಯಾಯಿತು. ವಾಟ್ಸನ್ ಕೂತಿದ್ದ ಒಡಲು ಉಳಿಯಿತು. ಆತ ಇಳಿದು ನಡೆದುಬಂದ. ಆತನನ್ನು ಉಳಿಸಿದ ಆ ಕಾರ್ಬನ್ ಫೈಬರ್ ಹೊರಗಿನಿಂದ ನೋಡಿದವರಿಗೆ ಕಾಣುತ್ತಿರಲಿಲ್ಲ. ಅದರ ಮೇಲೆ ಬಣ್ಣವಿತ್ತು. ನಮ್ಮ ಬೆಂಗಳೂರಿನ ತೇಜಸ್ ವಿಮಾನದ ಮೈಯೂ ಬಹುಪಾಲು ಕಾರ್ಬನ್ ಫೈಬರಿನದೇ. ಹಾರುವಾಗ ನಮ್ಮ ಕಣ್ಣಿಗೆ ಬೀಳುವುದು ಅದರ ಬೂದು ಬಣ್ಣ ಮಾತ್ರ.

ಇನ್ನು ಲೆಕ್ಕಕ್ಕೆ ಬರೋಣ. 2 ಮಿಲಿಮೀಟರ್ ಪಟ್ಟಿಯನ್ನು ಇಪ್ಪತ್ತರಿಂದ ಭಾಗಿಸಿದರೆ ಒಂದು ಮಿಲಿಮೀಟರಿನ ಹತ್ತನೇ ಒಂದು ಪಾಲು. ಹೆಚ್ಚುಕಡಿಮೆ ತಲೆಗೂದಲಿನ ದಪ್ಪ. ಕಪ್ಪಿನ ಮೇಲೆ ಅಂಥ ಕಪ್ಪು ಗೆರೆಗಳನ್ನು ಬಿಡಿಬಿಡಿಯಾಗಿ ಕಾಣುವ ಕಣ್ಣು ನನಗಿಲ್ಲ. ನನ್ನ ಕೈಲಿದ್ದ ಹಾಳೆಯ ಮೇಲೆ ಅಡಿಪಟ್ಟಿ ಇಟ್ಟು ಅಳೆದೆ: ಹತ್ತು ಪಟ್ಟಿಗೆ 4 ಮಿಲಿಮೀಟರ್. ಅದನ್ನು ಮತ್ತೆ ಇಪ್ಪತ್ತರಿಂದ ಗುಣಿಸಿದರೆ ನಿಜವಾದ ಕಾರಿನಲ್ಲಿ ಒಂದೊಂದು ಪಟ್ಟಿ 8 ಮಿಲಿಮೀಟರ್ ಅಗಲವಿರಬೇಕಾಗುತ್ತದೆ. ನಾಲ್ಕು ಪಟ್ಟು ಹೆಚ್ಚು. ಹಾಗಿದ್ದಿದ್ದರೆ ಸೆನ್ನಾ ಕೂತದ್ದು ಈಚಲು ಚಾಪೆಯಂಥ ಕಾರಿನಲ್ಲಿ!

ಹಾಗೆಂದು ಡೆಕಾಲೇ ಸುಳ್ಳು ಎಂದುಬಿಟ್ಟರೆ ಅದೂ ಅವಸರದ ತೀರ್ಪಾದೀತು. ಸಮಾಜ ಪಾಠ ಮಾಡುವ ನಾನು ದಿನವೂ ಗೋಡೆಗೆ ತೂಗುಹಾಕುವ ಭೂಪಟವೇನು ಕಡಿಮೆಯೇ? ಹತ್ತು ಲಕ್ಷಕ್ಕೆ ಒಂದು ಅಳತೆಯ ಭೂಪಟದಲ್ಲಿ ಹೆದ್ದಾರಿಗೆ ಅರ್ಧ ಮಿಲಿಮೀಟರಿನ ಕೆಂಪು ಗೆರೆ ಎಳೆದರೆ ಅದು ಅರ್ಧ ಕಿಲೋಮೀಟರ್ ಅಗಲದ ರಸ್ತೆ. ಅಳತೆಗೆ ಸರಿಯಾಗಿ ಎಳೆದರೆ ಗೆರೆಯೇ ಕಾಣದು, ಮಕ್ಕಳು ಏನನ್ನೂ ಕಲಿಯರು. ಇಲ್ಲಿ ಉತ್ಪ್ರೇಕ್ಷೆ ತಿಳಿವಳಿಕೆಗೆ ಸಹಾಯ ಮಾಡುತ್ತದೆ. ಮಾದರಿಯ ಮೇಲಿನ ನೇಯ್ಗೆಯೂ "ಈ ಭಾಗ ಲೋಹದ್ದಲ್ಲ, ಕಾರ್ಬನ್ನಿನದು" ಎಂದು ತಿಳಿಸುವ ಗುರುತು. ಬರೀ ಬೂದು ಬಳಿದ ಎರಡನೆಯವನ ಕಾರಿನಲ್ಲಿ ಆ ಸುದ್ದಿಯೇ ಇರಲಿಲ್ಲ. ಅಲ್ಲಿ ಲೋಹವೂ ಒಂದೇ, ಕಾರ್ಬನ್ನೂ ಒಂದೇ. ನಿಜವಾದ ಕಾರ್ಬನ್ ಫೈಬರಿನ ಮೇಲೆ ಬೆಳಕು ಸರಿದಂತೆ ಹೊಳಪು ಬದಲಾಗುತ್ತದೆ. ಅವನ ಬೂದು ಬಣ್ಣಕ್ಕೆ ಆ ಜೀವವಿರಲಿಲ್ಲ. ಅತಿಸಣ್ಣ ನೇಯ್ಗೆಯ ಹಾಳೆಗಳೂ ಅಂಗಡಿಯಲ್ಲಿ ಸಿಗುತ್ತವೆ. ಕಾಕ್‌ಪಿಟ್ಟಿನ ಒಳಮೈಗೆ ಅದನ್ನು ಬಳಸಬಹುದಿತ್ತು. ಅವನ ದೋಷ ಅದು.

ಆದರೆ ಭೂಪಟ ಬರೆಯುವವನು ರಸ್ತೆಯನ್ನು ಅಗಲ ಮಾಡಬಹುದೇ ಹೊರತು ರಸ್ತೆಯಿಲ್ಲದ ಕಡೆ ಗೆರೆ ಎಳೆಯುವಂತಿಲ್ಲ. ಮೊದಲನೆಯವನು ಎಡವಿದ್ದು ಇಲ್ಲಿ. ಕಾಕ್‌ಪಿಟ್ಟಿನ ಒಳಗೆ, ತಳದ ಹಲಗೆಗೆ ಅವನು ನೇಯ್ಗೆ ಹಚ್ಚಿದ್ದು ಒಪ್ಪತಕ್ಕದ್ದೇ. ಅಲ್ಲಿಗೆ ನಿಲ್ಲದೆ ಗೇರ್‌ಬಾಕ್ಸಿಗೂ, ಚಕ್ರಗಳನ್ನು ಹಿಡಿದ ಸಸ್ಪೆನ್ಷನ್ ತೋಳುಗಳಿಗೂ ಹಚ್ಚಿದ್ದ. 1991ರ ಆ ಕಾರಿನ ಗೇರ್‌ಬಾಕ್ಸಿನ ಕವಚ ಎರಕ ಹೊಯ್ದ ಲೋಹ, ತೋಳುಗಳು ಉಕ್ಕಿನವು. ಅಂಥ ಭಾಗಗಳಿಗೆ ಕಾರ್ಬನ್ ಬಂದದ್ದು ಆಮೇಲಿನ ವರ್ಷಗಳಲ್ಲಿ. ಕಷ್ಟಪಟ್ಟು ಕಲಿತ ವಿದ್ಯೆಯನ್ನು ಎಲ್ಲ ಕಡೆಯೂ ತೋರಿಸುವ ಆಸೆ ಅವನನ್ನು ಕೆಡಿಸಿತು. ಪ್ರಬಂಧಕ್ಕೆಂದು ಬಾಯಿಪಾಠ ಮಾಡಿದ ಒಂದು ಗಾದೆಯನ್ನು ಪ್ರತಿ ಪ್ಯಾರಾದಲ್ಲೂ ತುರುಕುವ ಮಕ್ಕಳಿಗೆ ನಾನು ಅಂಕ ಕಳೆಯುತ್ತೇನೆ. ಇವನಿಗೆ ಮಾತ್ರ ಕಪ್ ಕೊಟ್ಟೆ, ಏಕೆಂದರೆ ಈ ಭಾಷೆ ನನಗೆ ಬರುತ್ತಿರಲಿಲ್ಲ. ಹೊಳಪನ್ನೇ ನಿಜವೆಂದು ಓದಿಕೊಂಡೆ.

ಈಗ ಕೇಳಿದರೆ ಎರಡನೆಯವನಿಗೇ ಮೊದಲ ಸ್ಥಾನ ಕೊಟ್ಟೇನು. ಅವನದು ಹೇಳಬೇಕಾದ್ದನ್ನು ಹೇಳದೆ ಬಿಟ್ಟ ತಪ್ಪು. ಮೊದಲನೆಯವನದು ಇಲ್ಲದ್ದನ್ನು ಇದೆಯೆಂದ ತಪ್ಪು. ನನ್ನ ಪುಸ್ತಕದಲ್ಲಿ ಇದಕ್ಕೆ ಹೆಚ್ಚು ಅಂಕ ಕಳೆಯಬೇಕು.

ಇಬ್ಬರಿಗೂ ಫೋನ್ ಮಾಡಿ ಇದನ್ನೆಲ್ಲ ಹೇಳಿದೆ. ಎರಡನೆಯವನು, "ಹೋಗಲಿ ಬಿಡಿ ಟೀಚರ್" ಎಂದ. ಮೊದಲನೆಯವನು ಒಂದು ಗಳಿಗೆ ಸುಮ್ಮನಿದ್ದು, "ಗೇರ್‌ಬಾಕ್ಸಿನದು ಕಿತ್ತುಹಾಕಬಹುದು ಟೀಚರ್, ಕಪ್ ವಾಪಸ್ ಕೊಡಬೇಕಾ?" ಎಂದು ಕೇಳಿದ. ಬೇಡವೆಂದೆ. ಮುಂದಿನ ಪ್ರದರ್ಶನಕ್ಕೆ ಒಂದು ನಿಯಮ ಮಾತ್ರ ಸೇರಿಸಿದ್ದೇನೆ: ಯಾರು ಯಾವುದರ ಮಾದರಿ ತಂದರೂ ಪಕ್ಕದಲ್ಲಿ ಅಸಲಿನ ಫೋಟೋ ಇಡಬೇಕು. ಅದು ತೀರ್ಪುಗಾರರಿಗಾಗಿ ಮಾಡಿದ ನಿಯಮ.