ಯಾರು ಮಾತಾಡ್ತೀರಿ?

ನಮ್ಮ ವಿಮರ್ಶಕರಿಗೆ ಕಾವ್ಯ ಬೇಕು, ಕತೆ ಬೇಕು, ನಾಟಕ ಬೇಕು. ಭಾಷಣ ಮಾತ್ರ ಬೇಡ. ಆದರೆ ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರಿನ ಕೇರಿಗಳಲ್ಲಿ ಒಂದು ಪುಸ್ತಕವನ್ನೂ ಮುಟ್ಟದೆ ಬದುಕು ಮುಗಿಸಿದ ನಮ್ಮ ಹಿರಿಯರ ಕಿವಿಗೆ ಬಿದ್ದ ಗದ್ಯ ಅಂದರೆ ಭಾಷಣವೇ. ಸಂತೆ ಮೈದಾನದಲ್ಲಿ, ಬಸ್ ಸ್ಟ್ಯಾಂಡಿನ ಎದುರು, ಜೀಪಿಗೆ ಕಟ್ಟಿದ ಮೈಕಿನಲ್ಲಿ ಕೇಳಿದ್ದು. ಕೇಳಿ ಮನೆಗೆ ಬಂದು "ಏನ್ ಮಾತಾಡ್ತಾನಪ್ಪಾ!" ಅಂತ ತಲೆದೂಗಿದವರು ಅವರು. ಇಷ್ಟು ಜನರ ಮೇಲೆ ಕೆಲಸ ಮಾಡಿದ ಗದ್ಯವನ್ನು ಒರೆಗೆ ಹಚ್ಚಲು ನಮ್ಮಲ್ಲಿ ಇರುವುದು ಚಪ್ಪಾಳೆಯ ಲೆಕ್ಕ ಒಂದೇ. ಈ ಲೆಕ್ಕ ಸಾಲದು ಎನ್ನುವುದು ನಮ್ಮ ತಕರಾರು.

ಭಾಷಣದ ಮೂಲ ಹುಡುಕುವವರು ಗ್ರೀಸಿಗೆ ಹೋಗುತ್ತಾರೆ. ಹೋಗಲಿ. ಆದರೆ ಅಲ್ಲಿಂದ ಏನು ಹೊತ್ತು ತರುತ್ತಾರೆ? ಡೆಮಾಸ್ಥನೀಸ್ ಬಾಯಲ್ಲಿ ಬೆಣಚುಕಲ್ಲು ಇಟ್ಟುಕೊಂಡು ಮಾತು ತಿದ್ದಿಕೊಂಡ ಕತೆ. ಯುದ್ಧದಲ್ಲಿ ಸತ್ತವರ ಮುಂದೆ ಪೆರಿಕ್ಲಿಸ್ ಅಥೆನ್ಸನ್ನು ಹೊಗಳಿದ ಕತೆ. ಇದಕ್ಕಿಂತ ಹಿಂದಿನ ಪ್ರತೀತಿಯೊಂದನ್ನು ರೋಮಿನ ಸಿಸೆರೊ ಅರಿಸ್ಟಾಟಲನ ಹೆಸರಿನಲ್ಲಿ ದಾಖಲಿಸಿದ್ದಾನೆ. ಕ್ರಿ.ಪೂ. 5ನೇ ಶತಮಾನದಲ್ಲಿ ಸಿಸಿಲಿಯ ಜನ ತಮ್ಮ ನಿರಂಕುಶ ದೊರೆಗಳನ್ನು ಓಡಿಸಿದರು. ಕಳಕೊಂಡ ಆಸ್ತಿಯನ್ನು ವಾಪಸ್ಸು ಕೇಳಲು ನ್ಯಾಯದ ಕಟ್ಟೆಗೆ ಬಂದರು. ಆಗ ಕೊರಾಕ್ಸ್ ಮತ್ತು ಟಿಸಿಯಾಸ್ ಎಂಬಿಬ್ಬರು ಮಾತಿನ ನಿಯಮಗಳನ್ನು ಬರೆದರಂತೆ. ಅಂದರೆ "ಈ ಹೊಲ ನಂದು, ಇಂಥವನು ಕಸಕೊಂಡ" ಎಂದು ನಾಲ್ಕು ಜನರೆದುರು ಹೇಳಬೇಕಾದವನ ಬಾಯಲ್ಲಿ ಭಾಷಣ ಹುಟ್ಟಿತು.

ಅಥೆನ್ಸಿನಲ್ಲಿ ಇದು ಇನ್ನಷ್ಟು ಬೆಳೆಯಿತು. ಪ್‌ನಿಕ್ಸ್ ಎಂಬ ಗುಡ್ಡದ ಮೇಲೆ ಜನಸಭೆ ಸೇರಿದಾಗ ಡಂಗುರದವನು ಕೂಗಿ ಕೇಳುತ್ತಿದ್ದ: "ಯಾರು ಮಾತಾಡ್ತೀರಿ?" ಚಮ್ಮಾರನೂ ಎದ್ದು ಮಾತಾಡಬಹುದಿತ್ತು. ನ್ಯಾಯಾಲಯದಲ್ಲಿ ವಾದಿ ಪ್ರತಿವಾದಿಗಳು ತಮ್ಮ ಮಾತನ್ನು ತಾವೇ ಆಡಬೇಕು; ತೂತಿನ ಮಡಕೆಯಿಂದ ನೀರು ಸುರಿಯುವಷ್ಟು ಹೊತ್ತು, ಇಬ್ಬರಿಗೂ ಅಷ್ಟೇ ನೀರು. ಮಾತು ಬಾರದವನಿಗೆ ಬರೆದುಕೊಡುವವರಿದ್ದರು. ಅವರಲ್ಲಿ ಲೀಸಿಯಾಸ್ ಹೆಸರಾದವನು. ಅವನ ಹೆಸರಿನಲ್ಲಿ ಒಬ್ಬ ಕುಂಟನ ಮಾತು ಉಳಿದಿದೆ. ದಿನಕ್ಕೊಂದು ಒಬೊಲ್ ಸರ್ಕಾರಿ ನೆರವು ಪಡೆಯುತ್ತಿದ್ದ ಬಡ ಕಸುಬಿನವನು ಅವನು. "ಇವನು ಕುದುರೆ ಹತ್ತುತ್ತಾನೆ, ನೆರವು ನಿಲ್ಲಿಸಿ" ಎಂದು ಯಾರೋ ತಕರಾರು ತೆಗೆದರು. ಅವನು ಅಳಲಿಲ್ಲ, ಕಾಲಿಗೆ ಬೀಳಲಿಲ್ಲ. ಕುದುರೆ ಎರವಲಿಂದು, ದುಡ್ಡಿದ್ದಿದ್ದರೆ ನಂದೇ ಹೇಸರಗತ್ತೆ ಇರುತ್ತಿತ್ತು ಎಂದು ಎದುರಾಳಿಯನ್ನು ನಗೆಪಾಟಲು ಮಾಡಿದ. ಇವತ್ತು ಪಿಂಚಣಿ ನಿಂತುಹೋಗಿ ತಾಲ್ಲೂಕು ಕಚೇರಿಯ ಮೆಟ್ಟಿಲಲ್ಲಿ ಕೂತ ನಮ್ಮವರಿಗೆ ಪೆರಿಕ್ಲಿಸನಿಗಿಂತ ಈ ಕುಂಟನೇ ಹತ್ತಿರದ ನೆಂಟ.

ಹಾಗಂತ ಗ್ರೀಸನ್ನು ತಲೆ ಮೇಲೆ ಹೊರುವುದು ಬೇಡ. ಡಂಗುರದವನ ಪ್ರಶ್ನೆ ಎಲ್ಲರಿಗೂ ಆಗಿರಲಿಲ್ಲ. ಹೆಂಗಸರಿಗೆ ಆ ಗುಡ್ಡದಲ್ಲಿ ಬಾಯಿಲ್ಲ. ಗುಲಾಮರಿಗಿಲ್ಲ. ಲೀಸಿಯಾಸನೇ ವಲಸೆ ಬಂದವನ ಮಗ. ಊರಿಗೆಲ್ಲ ಮಾತು ಬರೆದುಕೊಟ್ಟವನಿಗೆ ಜನಸಭೆಯಲ್ಲಿ ಬಾಯಿ ತೆರೆಯುವ ಹಕ್ಕಿರಲಿಲ್ಲ. ಗುಲಾಮನ ಸಾಕ್ಷಿ ನ್ಯಾಯಾಲಯದಲ್ಲಿ ನಡೆಯಬೇಕಾದರೆ ಅವನಿಗೆ ಚಿತ್ರಹಿಂಸೆ ಕೊಟ್ಟೇ ಪಡೆಯಬೇಕೆಂಬುದು ಅಲ್ಲಿನ ಕಾನೂನು. ಒಬ್ಬನ ಬಾಯಿಂದ ಕಲೆ, ಇನ್ನೊಬ್ಬನ ಮೈಯಿಂದ ಕಿರುಚಾಟ. ಊರು ಮತ್ತು ಕೇರಿ ಎಂಬ ಎರಡು ನೆಲ ಕಂಡ ನಮಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಈಗ ನಮ್ಮ ನೆಲಕ್ಕೆ ಬರೋಣ. ಸಿಸಿಲಿಯಲ್ಲಿ ಆದದ್ದು ಕರ್ನಾಟಕದಲ್ಲಿ 1974ರಲ್ಲಿ ಆಯಿತು. ದೇವರಾಜ ಅರಸು ಸರ್ಕಾರದ ಭೂಸುಧಾರಣಾ ತಿದ್ದುಪಡಿ ಬಂತು. ಗೇಣಿದಾರರು ನಮೂನೆ 7ರಲ್ಲಿ ಅರ್ಜಿ ಹಾಕಿ ಭೂ ನ್ಯಾಯಮಂಡಳಿಯ ಮುಂದೆ ನಿಂತರು. ಆ ಮಂಡಳಿಯಲ್ಲಿ ಪರಿಶಿಷ್ಟರಲ್ಲಿ ಒಬ್ಬರಾದರೂ ಸದಸ್ಯರಿರಬೇಕೆಂಬ ನಿಯಮವಿತ್ತು. ವಕೀಲರಿಗೆ ಪ್ರವೇಶವಿರಲಿಲ್ಲ. ಅಥೆನ್ಸಿನ ಹಾಗೆಯೇ ಗೇಣಿದಾರ ತನ್ನ ಮಾತನ್ನು ತಾನೇ ಆಡಬೇಕಿತ್ತು. ಗೇಣಿ ಬಾಯಿಮಾತಿನದು, ರಸೀದಿ ಇಲ್ಲ, ಪಹಣಿಯಲ್ಲಿ ಧಣಿಯ ಹೆಸರು. "ಗೌಡ್ರೆ", "ಬುದ್ಧೀ" ಎಂದು ಬಾಗಿದ ಬೆನ್ನಿನಲ್ಲೇ ಮಾತಾಡಿ ರೂಢಿಯಾದ ನಾಲಿಗೆ, ಅದೇ ಗೌಡ ಪಕ್ಕದಲ್ಲಿ ನಿಂತಿರುವಾಗ "ಉತ್ತೋನು ನಾನು, ಬಿತ್ತೋನು ನಾನು" ಅನ್ನಬೇಕು. ಕನ್ನಡದಲ್ಲಿ ಇದಕ್ಕಿಂತ ಕಷ್ಟದ ಭಾಷಣ ಯಾವುದಿದೆ? ಯಾವ ಭಾಷಣ ಸಂಕಲನದಲ್ಲಿ ಈ ಮಾತಿಗೆ ಜಾಗ ಸಿಕ್ಕಿದೆ? ವಕೀಲರನ್ನು ಹೊರಗಿಟ್ಟ ಕಲಮನ್ನು ಸುಪ್ರೀಂ ಕೋರ್ಟು 1987ರಲ್ಲಿ ರದ್ದು ಮಾಡಿತು. ಕೇಂದ್ರದ ವಕೀಲರ ಕಾಯ್ದೆಗೆ ಅದು ವಿರುದ್ಧ ಎನ್ನುವುದು ಕಾರಣ.

ಇಲ್ಲೂ ಡಂಗುರದ ಹೊರಗೆ ಉಳಿದವರುಂಟು. ಗೇಣಿ ಇದ್ದವನಿಗೆ ಅರ್ಜಿ. ಬರೀ ಕೂಲಿ ಇದ್ದವನಿಗೆ ಯಾವ ಅರ್ಜಿ? ಚನ್ನಗಿರಿಯ ಅಡಿಕೆ ತೋಟದಲ್ಲಿ, ಜಗಳೂರಿನ ಮಳೆಯಾಶ್ರಿತ ಹೊಲದಲ್ಲಿ ದಿನಗೂಲಿಗೆ ದುಡಿದ ದಲಿತನ ಮಾತಿಗೆ ನಮೂನೆ 7ರಲ್ಲಿ ಜಾಗವೇ ಇರಲಿಲ್ಲ.

ಈ ಸೀಮೆಯ ದೊಡ್ಡ ವಾಗ್ಮಿ ಯಾರೆಂದರೆ ಜನ ಜೆ.ಎಚ್. ಪಟೇಲರ ಹೆಸರು ಹೇಳುತ್ತಾರೆ. ಚನ್ನಗಿರಿ ತಾಲ್ಲೂಕಿನ ಕಾರಿಗನೂರಿನವರು, ಶಾಂತವೇರಿ ಗೋಪಾಲಗೌಡರ ಸಮಾಜವಾದಿ ಬಳಗದವರು. 1967ರಲ್ಲಿ ಶಿವಮೊಗ್ಗದಿಂದ ಗೆದ್ದು ಹೋಗಿ ಲೋಕಸಭೆಯಲ್ಲಿ ಕನ್ನಡದಲ್ಲೇ ಮಾತಾಡಿದರು. ಸಂವಿಧಾನದ 120ನೇ ವಿಧಿಯ ಪ್ರಕಾರ ಹಿಂದಿ, ಇಂಗ್ಲಿಷಿನಲ್ಲಿ ಸರಿಯಾಗಿ ಹೇಳಲಾಗದವರಿಗೆ ಸಭಾಧ್ಯಕ್ಷರು ತಾಯಿನುಡಿಯ ಅವಕಾಶ ಕೊಡಬಹುದು. ಪಟೇಲರು ಕಾನೂನು ಓದಿದವರು. ಇಂಗ್ಲಿಷ್ ಬಾರದೆ ಕನ್ನಡಕ್ಕೆ ಬಂದವರಲ್ಲ. ದಿಲ್ಲಿ ತನ್ನ ಭಾಷೆಯನ್ನು ಕೇಳಿಸಿಕೊಳ್ಳಲಿ ಎಂಬ ಹಟ ಅದು. ಈ ಹಟ ನಮಗೆ ಮೆಚ್ಚುಗೆ. ಅವರ ಹಾಸ್ಯ, ಮುಚ್ಚುಮರೆಯಿಲ್ಲದ ಮಾತು ನಮಗೂ ಇಷ್ಟ. ಆದರೆ ಒಂದು ಪ್ರಶ್ನೆ ಕೇಳಲೇಬೇಕು: ದಿಲ್ಲಿಯಲ್ಲಿ ಕನ್ನಡಕ್ಕೆ ಸಿಕ್ಕ ಕಿವಿ ಚನ್ನಗಿರಿಯಲ್ಲಿ ಕೇರಿಯ ಕನ್ನಡಕ್ಕೆ ಸಿಕ್ಕಿತೇ?

ಉತ್ತರ 1973ರಲ್ಲಿ ಮೈಸೂರಿನಲ್ಲಿದೆ. ಬಿ. ಬಸವಲಿಂಗಪ್ಪನವರು ಸಚಿವರಾಗಿದ್ದುಕೊಂಡೇ ಕನ್ನಡ ಸಾಹಿತ್ಯದಲ್ಲಿ ಬಹುಪಾಲು ಬೂಸಾ ಎಂದರು. ಅದು ಒಂದು ವಿಮರ್ಶೆ. ಒಪ್ಪಬಹುದು, ಒಪ್ಪದಿರಬಹುದು, ಎದ್ದು ಉತ್ತರ ಕೊಡಬಹುದು. ಬಂದದ್ದು ಉತ್ತರವಲ್ಲ, ಕಲ್ಲು. ದಲಿತ ವಿದ್ಯಾರ್ಥಿಗಳಿಗೆ ಏಟು ಬಿತ್ತು, ಸಚಿವರು ಕುರ್ಚಿ ಬಿಡಬೇಕಾಯಿತು. ಕನ್ನಡದಲ್ಲಿ ಮಾತಾಡಿ ಒಬ್ಬರು ಕನ್ನಡದ ಹೆಮ್ಮೆಯಾದರು. ಕನ್ನಡದ ಬಗ್ಗೆ ಮಾತಾಡಿ ಇನ್ನೊಬ್ಬರು ಕನ್ನಡದ ಶತ್ರುವಾದರು. 1936ರಲ್ಲಿ ಲಾಹೋರಿನ ಸುಧಾರಕರು ಬಾಬಾಸಾಹೇಬರನ್ನು ಅಧ್ಯಕ್ಷ ಭಾಷಣಕ್ಕೆ ಕರೆದು, ಬರೆದದ್ದನ್ನು ಓದಿ ಹೆದರಿ, ಸಮ್ಮೇಳನವನ್ನೇ ರದ್ದು ಮಾಡಿದ್ದರು. ಜಾತಿ ವಿನಾಶದ ಆ ಭಾಷಣವನ್ನು ಅವರು ಸ್ವಂತ ಖರ್ಚಿನಲ್ಲಿ ಅಚ್ಚು ಹಾಕಿಸಿದರು. ನಮ್ಮ ಪರಂಪರೆಯ ಅತಿ ದೊಡ್ಡ ಭಾಷಣ ವೇದಿಕೆಯನ್ನೇ ಕಾಣಲಿಲ್ಲ.

ಅರಿಸ್ಟಾಟಲ್ ಭಾಷಣದಲ್ಲಿ ಮೂರು ಬಗೆ ಹೇಳಿದ್ದಾನೆ: ಮುಂದೇನು ಮಾಡಬೇಕೆಂದು ತೀರ್ಮಾನಿಸುವ ಸಭೆಯ ಮಾತು, ಆದದ್ದಕ್ಕೆ ನ್ಯಾಯ ಕೇಳುವ ಮಾತು, ಹೊಗಳುವ ತೆಗಳುವ ಮಾತು. ಕೇಳುವವನು ಒಂದೋ ತೀರ್ಪುಗಾರ, ಇಲ್ಲವೇ ಪ್ರೇಕ್ಷಕ ಎಂದೂ ಹೇಳಿದ್ದಾನೆ. ಈ ಗೋಲಿನಿಂದ ನಮ್ಮ ನಾಲ್ಕು ತಾಲ್ಲೂಕಿನ ವೇದಿಕೆ ಅಳೆಯಿರಿ. ಸನ್ಮಾನ, ಹಾರ, ಬಿರುದು, ಎದುರು ಪಕ್ಷಕ್ಕೆ ಬೈಗುಳ. ಮೊದಲೆರಡು ಬಗೆ ಸೊರಗಿ ಮೂರನೆಯದೊಂದೇ ಕೊಬ್ಬಿದೆ. ಓಟು ಹಾಕುವ ತೀರ್ಪುಗಾರನನ್ನು ಶಾಮಿಯಾನದ ಕೆಳಗೆ ಪ್ರೇಕ್ಷಕನನ್ನಾಗಿ ಕೂರಿಸಿದ್ದಾರೆ. 2008ರಿಂದ ಜಗಳೂರು ವಿಧಾನಸಭಾ ಕ್ಷೇತ್ರ ಪರಿಶಿಷ್ಟ ಪಂಗಡಕ್ಕೆ ಮೀಸಲು. ವೇದಿಕೆ ಮೇಲೆ ನಮ್ಮವರೇ ನಿಂತರೂ, ಕೆಳಗೆ ಕೂತವರು ಪ್ರಶ್ನೆ ಕೇಳುವ ಹಾಗಿಲ್ಲದಿದ್ದರೆ ಮೈಕು ಇನ್ನೂ ಧಣಿಯದೇ.

ಹಾಗಾದರೆ ನಮ್ಮ ಅಳತೆ ಯಾವುದು? ಮಾತು ಮುಗಿದ ಮೇಲೆ ಕೊನೆಯ ಸಾಲಿನ ಹೆಂಗಸು ಎದ್ದು "ಅದು ಸುಳ್ಳು ಕಣಣ್ಣ" ಎನ್ನಲು ಆ ಭಾಷಣ ಜಾಗ ಬಿಟ್ಟಿದೆಯೇ? ಬಿಟ್ಟಿದ್ದರೆ ಅದು ವಾಗ್ಮಿತೆ. ಇಲ್ಲದಿದ್ದರೆ ಎಷ್ಟೇ ಚಪ್ಪಾಳೆ ಬಿದ್ದರೂ ಒಡೆಯನ ಅಪ್ಪಣೆ. 1993ರ ಪಂಚಾಯತ್ ರಾಜ್ ಕಾಯ್ದೆಯ ಗ್ರಾಮಸಭೆ ಆ ಗುಡ್ಡದ ಸಭೆಗಿಂತ ದೊಡ್ಡದು. ಮತದಾರರ ಪಟ್ಟಿಯಲ್ಲಿರುವ ಹೆಂಗಸರು, ಕೂಲಿಯವರು, ಕೇರಿಯವರು, ತಾಂಡಾದವರು ಎಲ್ಲ ಅದರ ಸದಸ್ಯರೇ. ಪುಸ್ತಕಕ್ಕೆ ಸಹಿ ಹಾಕಿಸಿ ಕಳಿಸುವ ಕಡೆಯೆಲ್ಲ ನಾವು ಹೋಗಿ ಕೂರಬೇಕು. ಸಹಿಗೆ ಮೊದಲು ಯಾರಾದರೊಬ್ಬರು ಎದ್ದು ಗಟ್ಟಿಯಾಗಿ ಕೇಳಬೇಕು: ಯಾರು ಮಾತಾಡ್ತೀರಿ?